ಹೆಣ್ಣು ಹಿಮ ಕೊಟ್ಟ ವರ್ಷ

ಬ್ರಾಗ್‌ಥಾಂಗ್
೧೨ ಏಪ್ರಿಲ್ ೧೯೯೬

ನನ್ನ ಪ್ರೀತಿಯ ಅತಾ,

ಸಲಾಂ. ನಾನು ಚೆನ್ನಾಗಿದ್ದೇನೆ. ನೀವೂ ಅಮ್ಮನೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ಇಷ್ಟಕ್ಕೇ ಮುಗಿಸಿದರೆ ನಿಮಗೆ ಇಷ್ಟವಾಗುತ್ತದೆ, ಗೊತ್ತು. ಸ್ಕರ್ದು ಪೇಟೆಯ ಹಾಸ್ಟೆಲಿನಿಂದ ನಾನು ಬರೆಯುತ್ತಿದ್ದ ಪತ್ರಗಳನ್ನು ಅಮ್ಮನಿಗೆ ಓದಿ ಹೇಳುವಾಗ ಅರ್ಧಕ್ಕರ್ಧ ಹಾರಿಸುತ್ತಿದ್ದಿರಂತೆ. ಈ ಸಲ ಹಾರಿಸಬೇಡಿ. ಅಮ್ಮ ಪೂರ್ತಿ ಕೇಳಲಿ.

ಈ ಊರಿನ ಮಕ್ಕಳು ಅಪ್ಪಂದಿರನ್ನು ಬಾಬಾ ಎಂದು ಕರೆಯುತ್ತಾರೆ. ಯಾರ ಮನೆಯಿಂದಲೂ 'ಅತಾ' ಎಂಬ ಕೂಗು ಕೇಳುವುದಿಲ್ಲ. ಆ ಪದ ಬಾಯಲ್ಲೇ ತುಕ್ಕು ಹಿಡಿದೀತು ಎನ್ನಿಸಿ ಬರೆಯಲು ಕೂತೆ.

ನನಗೆ ಎಷ್ಟು ಖುಷಿಯಾಗಿದೆ ಎಂದರೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಕಿಟಕಿಯ ತುಂಬ ಬೆಟ್ಟ. ಅತ್ತೆ ಫಿಜ್ಜಾ ನಾನು ಏಳುವ ಮೊದಲೇ ಬೆಣ್ಣೆ ಚಹಾ ಕಡೆದಿಟ್ಟಿರುತ್ತಾರೆ. ಹೊಸ ಸೊಸೆಗೆ ಬೈಯಬೇಕಲ್ಲ ಎಂದು ಒಂದೆರಡು ಬೈದು ತಾವೇ ನಕ್ಕುಬಿಡುತ್ತಾರೆ. ಕಾಜಿಮ್ (ಗಂಡನ ಹೆಸರು ಹಿಡಿದೇ ಬರೆಯುತ್ತೇನೆ, ಅಮ್ಮ ನಾಲಿಗೆ ಕಚ್ಚಿಕೊಳ್ಳಲಿ) ಒಂದೇ ಕೋಣೆಯ ಶಾಲೆಯಲ್ಲಿ ಐದು ತರಗತಿಗಳಿಗೆ ಭೂಗೋಳ ಹೇಳಿಕೊಟ್ಟು, ಮನೆಗೆ ಬಂದು ನನ್ನನ್ನು ಆರನೇ ತರಗತಿ ಮಾಡಿಕೊಳ್ಳುತ್ತಾರೆ. ನಾನು ಪಾಠ ಕೇಳುವುದೇ ಇಲ್ಲ, ಮುಖ ನೋಡುತ್ತಾ ಕೂರುತ್ತೇನೆ. ಇದೊಂದನ್ನು ಬೇಕಾದರೆ ಹಾರಿಸಿ.

ನಿಮಗೆ ಕೃತಜ್ಞತೆ ಹೇಳುವುದು ಬಾಕಿಯಿದೆ. ಊರೆಲ್ಲ ನಗುತ್ತಿದ್ದರೂ ಹೆಣ್ಣು ಮಗುವನ್ನು ಇಂಗ್ಲಿಷ್ ಶಾಲೆಗೆ ಕಳಿಸಿದ್ದಕ್ಕೆ. ಪ್ರತಿ ರಜೆಗೂ ಬೇರೆ ಯಾರನ್ನೂ ಕಳಿಸದೆ ನೀವೇ ಕರೆಯಲು ಬಂದದ್ದಕ್ಕೆ. ಎಲ್ಲಕ್ಕಿಂತ ಹೆಚ್ಚಾಗಿ, ನಿಕಾಹ್ ದಿನ ಮಸೀದಿಯ ಅಖುಂದರು ನಿಮ್ಮ ಒಪ್ಪಿಗೆ ಕೇಳಿದಾಗ ತಲೆಯಾಡಿಸಿದ್ದಕ್ಕೆ. ಎಷ್ಟು ಹೊತ್ತು ಸುಮ್ಮನಿದ್ದಿರಿ ಅತಾ. ಪರದೆಯ ಹಿಂದೆ ನಾನು ಉಸಿರು ಹಿಡಿದಿದ್ದೆ.

ನೀರಿಲ್ಲದ ಊರಿಗೆ ಹೆಣ್ಣು ಕೊಡುವುದಿಲ್ಲ ಎಂದು ನೀವು ಮೊದಲೇ ಹೇಳಿದ್ದಿರಿ. ಆಮೇಲೆ ಕೊಟ್ಟಿರಿ. ದಿಬ್ಬಣದ ಜೊತೆ ಇಲ್ಲಿಯವರೆಗೂ ಬಂದಿರಿ. ಎಲ್ಲರೊಡನೆ ಊಟಕ್ಕೆ ಕೂತಿರಿ, ಒಂದು ತುತ್ತೂ ಮುಟ್ಟಲಿಲ್ಲ. ಅತ್ತೆ ಅಕ್ರೋಟು ಅರೆದು ಮಾಡಿದ್ದ ಪ್ರಾಪು ನಿಮ್ಮ ಬಟ್ಟಲಲ್ಲಿ ಆರಿ ಗಟ್ಟಿಯಾಯಿತು. ಚಹಾದ ಮೇಲೆ ಬೆಣ್ಣೆ ಹೆಪ್ಪುಗಟ್ಟಿತು. ನನಗೆ ಒಂದು ಮಾತೂ ಹೇಳದೆ ಎದ್ದು ಹೊರಟುಬಿಟ್ಟಿರಿ.

ಕಾರಣ ಕೇಳುವುದಿಲ್ಲ. ಕೋಪ ಇಳಿದ ದಿನ ಜೀಪಿನ ಡ್ರೈವರ್ ಕೈಯಲ್ಲಿ ಎರಡು ಸಾಲು ಕಳಿಸಿ. ಇಳಿಯದಿದ್ದರೆ ಬೈದಾದರೂ ಬರೆಯಿರಿ.

ನಿಮ್ಮ ಬಾಯಿಬಡುಕಿ,
ಮರ್ಜಿಯಾ


ಬ್ರಾಗ್‌ಥಾಂಗ್
೯ ಜೂನ್ ೧೯೯೬

ಅತಾ,

ಸಲಾಂ. ಉತ್ತರ ಬರಲಿಲ್ಲ. ಪರವಾಗಿಲ್ಲ, ಜೀಪು ಕೆಟ್ಟು ನಿಂತಿತ್ತು ಎಂದುಕೊಂಡಿದ್ದೇನೆ. ಮೊಹರಂ ಕಳೆಯಿತು. ಅಷ್ಟು ದಿನ ಕಪ್ಪು ಬಟ್ಟೆ ತೊಟ್ಟು ನಗು ಕಟ್ಟಿಟ್ಟಿದ್ದೆ, ಈಗ ಒಟ್ಟಿಗೇ ಹೊರಬರುತ್ತಿದೆ.

ಮೊನ್ನೆ ಕಾಜಿಮ್ ನನ್ನನ್ನು ಸುತ್ತಾಡಿಸಲು ಕರೆದುಕೊಂಡು ಹೋದರು. ಹೊಸದಾಗಿ ಮದುವೆಯಾದವರು ಸುತ್ತಾಡಲು ಹೋಗುತ್ತಾರೆ ಎಂದರೆ ಅಕ್ಕಪಕ್ಕದವರು ಕಿಸಕ್ಕೆನ್ನುತ್ತಾರೆ. ನಾನೂ ಹೊಸ ಶಾಲು ಹೊದ್ದು ಹೊರಟೆ. ಬೆಟ್ಟದ ಮಗ್ಗುಲಲ್ಲಿ ಒಂದು ಗಂಟೆ ಹತ್ತಿಸಿ ಈ ಮಹಾರಾಯರು ತೋರಿಸಿದ್ದು ಒಂದು ಬಂಡೆ. ಅದರ ಮೈಮೇಲೆ ಯಾರೋ ಬಾಚಣಿಗೆ ಎಳೆದಂತೆ ನೇರ ಗೀರುಗಳು. ಹಿಮ ಎಳೆದ ಗೀರಂತೆ. ನಾವು ನಿಂತಿದ್ದ ಜಾಗವಷ್ಟೇ ಅಲ್ಲ, ತಲೆಯೆತ್ತಿ ನೋಡಿದರೆ ಟೋಪಿ ಬೀಳುವಷ್ಟು ಎತ್ತರದ ಆ ಕೋಡಿನವರೆಗೂ ಒಂದು ಕಾಲದಲ್ಲಿ ಕಣಿವೆಯ ತುಂಬ ಹಿಮವಿತ್ತಂತೆ. ಅದೂ ಒಂದು ಸಲವಲ್ಲ, ಎಷ್ಟೋ ಸಲ ಬಂದು ಹೋಗಿದೆ.

ಯಾಕೆ ಬರುತ್ತದೆ ಎಂದೆ. ಈ ಸಲ ನಿಜವಾಗಿ ಕೇಳಿಸಿಕೊಂಡೆ, ನೋಡಿ. ಭೂಮಿ ಸೂರ್ಯನ ಸುತ್ತ ಹೋಗುವಾಗ ತುಂಬಿದ ಕೊಡ ಹೊತ್ತವಳಂತೆ ಒಂಚೂರು ವಾಲುತ್ತದೆ, ಒಂಚೂರು ಓಲಾಡುತ್ತದೆ. ಅದರಿಂದ ಬೇಸಿಗೆ ತುಸುವೇ ತಂಪಾದರೂ ಸಾಕು, ಹೋದ ಚಳಿಗಾಲದ ಹಿಮ ಕರಗದೆ ಉಳಿಯುತ್ತದೆ. ಅದರ ಮೇಲೆ ಮುಂದಿನ ವರ್ಷದ್ದು ಬೀಳುತ್ತದೆ. ಬಿಳುಪು ಹೆಚ್ಚಿದಷ್ಟೂ ಬಿಸಿಲು ವಾಪಸು ಹೋಗುತ್ತದೆ, ಚಳಿ ಇನ್ನಷ್ಟು ಏರುತ್ತದೆ. ಹೀಗೇ ಸಾವಿರಾರು ವರ್ಷ. ಆಮೇಲೆ ಭೂಮಿ ಇನ್ನೊಂದು ಕಡೆ ವಾಲಿದಾಗ ಹಿಮ ಹಿಂದಕ್ಕೆ ಹೊರಡುತ್ತದೆ. ಹೊರಡುವಾಗ ಬರಿಗೈಯಲ್ಲಿ ಹೋಗಿಲ್ಲ ಅತಾ, ಬೆಟ್ಟವನ್ನು ಹಿಟ್ಟಿನಂತೆ ಅರೆದು ನಮಗೆ ಬಿಟ್ಟು ಹೋಗಿದೆ. ನಮ್ಮ ಜರ್ದಾಳು ಮರಗಳು ನಿಂತಿರುವುದೇ ಆ ಹಿಟ್ಟಿನಲ್ಲಿ. ನಾನು ಬಂಡೆಗೆ ಕೈಮುಟ್ಟಿಸಿ ಶುಕ್ರಿಯಾ ಹೇಳಿದೆ. ಕಾಜಿಮ್ ನಕ್ಕು ನಕ್ಕು ಕೂತುಬಿಟ್ಟರು.

ಆಮೇಲೆ ಅವರು ನಗಲಿಲ್ಲ. ಆಗ ಹಿಮ ಹಿಂದೆ ಸರಿಯಲು ನೂರಾರು ತಲೆಮಾರು ಹಿಡಿಯಿತು. ಅತ್ತೆ ಮದುವೆಯಾಗಿ ಬಂದಾಗ ಮೇಲಿನ ಕಣಿವೆಯ ಹಿಮ ನಮ್ಮ ಕಾಲುವೆಯ ಬಾಯಿಗೇ ಮೂತಿ ಇಟ್ಟುಕೊಂಡಿತ್ತಂತೆ. ಈಗ ಅದನ್ನು ನೋಡಬೇಕೆಂದರೆ ಅರ್ಧ ದಿನ ಹತ್ತಬೇಕು. ಈ ಸಲ ಭೂಮಿ ವಾಲಿದ್ದಲ್ಲ, ಜನರ ಹೊಗೆಯಿಂದ ಆದದ್ದು ಎಂದರು. ನಮ್ಮ ಒಲೆಯ ಹೊಗೆಯೇ ಎಂದು ಕೇಳಿದೆ. ಇಡೀ ಲೋಕದ್ದು, ನಮ್ಮದು ಅದರಲ್ಲಿ ಒಂದು ಚಿಟಿಕೆ ಎಂದರು.

ಕಾಲುವೆ ಈಗಾಗಲೇ ಒಣಗಿದೆ. ಜೂನ್‌ನಲ್ಲಿ. ಕುಡಿಯುವ ನೀರಿಗೂ ಕೆಳಗಿನ ನದಿಗೆ ಇಳಿಯಬೇಕು. ಅದಕ್ಕೇ ಕಳೆದ ಶುಕ್ರವಾರ ಊರಿನವರೆಲ್ಲ ಅಕ್ರೋಟು ಮರದ ಕೆಳಗೆ ಸೇರಿದರು, ನಾವು ಹೆಂಗಸರು ಮಾಳಿಗೆಗಳ ಮೇಲೆ. ಊರಿಗೆಲ್ಲ ಅಜ್ಜನಾದ ಅಪೋ ಹಸನ್, ಹಿಮಕ್ಕೆ ಮದುವೆ ಮಾಡೋಣ ಎಂದರು. ನಿಮಗೆ ಗೊತ್ತಿರುವುದೇ: ಗಂಡು ಹಿಮ, ಹೆಣ್ಣು ಹಿಮ ತಂದು ಬಿಸಿಲು ಮುಟ್ಟದ ಜಾಗದಲ್ಲಿ ಜೊತೆಗಿಟ್ಟು ಮುಚ್ಚುವುದು, ಅಲ್ಲಿ ಹೊಸ ಹಿಮ ಬೆಳೆಯಲೆಂದು. ನಮ್ಮ ಹಿಂದಿನ ಕೊರಕಲಿನಲ್ಲಿರುವ ಕರಿಯ, ಮೈತುಂಬ ಕಲ್ಲು ಹೊತ್ತ ಹಿಮ ಗಂಡು. ಹೆಣ್ಣು ಬೇರೆ ಕಣಿವೆಯಿಂದ ಬರಬೇಕು. ಮೇಲಿನ ಊರಿನವರನ್ನು ಕೇಳಿದ್ದಾಗಿದೆ, ಅವರು ತಮ್ಮ ಹಿಮ ಸೊರಗುತ್ತದೆ ಎಂದು ಹೆದರಿ ಇಲ್ಲವೆಂದಿದ್ದಾರೆ. ಯಾರೋ ನಮ್ಮ ಛುಮಿಕ್ ಊರಿನ ಹೆಸರೆತ್ತಿದರು. ಹಿರಿಯರು ನೆಲ ನೋಡತೊಡಗಿದರು.

ನಾನು ಮಾಳಿಗೆಯ ಮೇಲಿಂದ, "ನಮ್ಮ ಅತಾ ಕೊಡ್ತಾರೆ," ಎಂದುಬಿಟ್ಟೆ.

ಅಪೋ ಹಸನ್ ತಲೆಯೆತ್ತಿ ನೋಡಿ, "ಮದುಮಗಳೇ, ಇದೇನು ಹಿತ್ತಲ ಸೊಪ್ಪಾ, ಕೇಳಿದ ತಕ್ಷಣ ಕಿತ್ತು ಕೊಡೋಕೆ?" ಎಂದರು.

"ಛುಮಿಕ್‌ನಲ್ಲಿ ನೀರಿನ ಹಿರಿಯರು ಅವರೇ ಅಲ್ವಾ ಅಪೋ? ಕೊಡ್ತಾರೆ."

ಕಾಜಿಮ್ ಮುಖ ಬಿಳಿಚಿಕೊಂಡಿತು. ಊರು ಬೇರೆ ಯಾರನ್ನೂ ಕೇಳುವುದಿಲ್ಲ ಎಂದು ತೀರ್ಮಾನವಾಯಿತು. ಕೊಯ್ಲು ಮುಗಿದ ಮೇಲೆ, ಚಳಿ ಕಟ್ಟುವ ಮೊದಲು ಹಿಮ ಬರಬೇಕು. ಹಿಮ ನೆಲೆಯೂರಿದ ಕಡೆ ಕೆಳಗೆ ಒರತೆ ಒಡೆಯುತ್ತದಂತೆ, ಚಳಿಗಾಲದಲ್ಲೂ ಹರಿಯುವಂಥದ್ದು, ನಮ್ಮ ಛುಮಿಕ್‌ನಲ್ಲಿ ಇದೆಯಲ್ಲ ಹಾಗೆ. ಕೆಲವು ಮನೆಯವರು ಆಗಲೇ ಸ್ಕರ್ದುವಿನಲ್ಲಿ ಬಾಡಿಗೆ ಮನೆ ವಿಚಾರಿಸುತ್ತಿದ್ದಾರೆ. ಅತಾ, ನಾನು ಮಾತು ಕೊಟ್ಟಿದ್ದೇನೆ. ನೀವು ಇಲ್ಲವೆಂದರೆ ನನ್ನ ಮುಖವೊಂದೇ ಅಲ್ಲ, ಊರೇ ಹೋಗುತ್ತದೆ.

ಹೆಣ್ಣು ಕೇಳಲು ಹಿರಿಯರೇ ಬರಬೇಕು, ನಿಜ. ಸದ್ಯಕ್ಕೆ ಈ ಕಡೆಯಿಂದ ನಾನೇ ಹಿರಿಯಳು ಎಂದುಕೊಳ್ಳಿ.

ನಿಮ್ಮ,
ಮರ್ಜಿಯಾ


ಬ್ರಾಗ್‌ಥಾಂಗ್
೨೧ ಜುಲೈ ೧೯೯೬

ಅತಾ,

ಸಲಾಂ. ಜರ್ದಾಳು ಹಣ್ಣಾಗಿದೆ. ಮಾಳಿಗೆಗಳೆಲ್ಲ ಕಿತ್ತಳೆ ಬಣ್ಣ. ನೀರಿಲ್ಲದ್ದಕ್ಕೆ ಈ ವರ್ಷ ಹಣ್ಣು ಸಣ್ಣದು, ಸಿಹಿ ಮಾತ್ರ ವಿಪರೀತ.

ನಿನ್ನೆ ಹಣ್ಣು ಬಿಡಿಸಿ ಒಣಗಲು ಹರಡುತ್ತಾ ಕೂತಿದ್ದಾಗ ನಾನು ಅತ್ತೆಗೆ, ನಮ್ಮ ಅತಾ ನಿಮ್ಮ ಪ್ರಾಪು ತಿನ್ನಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ ಎಂದೆ. ಅವರು ಕೈ ನಿಲ್ಲಿಸಿದರು. "ನಿಮ್ಮಪ್ಪ ಈ ಊರಲ್ಲಿ ಒಂದು ಸಲ ಹೊಟ್ಟೆ ಬಿರಿಯೋ ಹಂಗೆ ತಿಂದಿದ್ದಾನೆ ಕಣೇ," ಎಂದರು.

ಆಮೇಲೆ ನನ್ನನ್ನು ಊರ ಅಂಚಿನ ಪಾಪ್ಲರ್ ಮರಗಳ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಒಂದು ಸಮಾಧಿ. ನಿಮ್ಮ ಅಕ್ಕ ಜೈನಬ್ ಎಂಬವರು ಇದ್ದರು, ಎಳೆಯ ವಯಸ್ಸಿನಲ್ಲೇ ತೀರಿಕೊಂಡರು ಎಂದಷ್ಟೇ ನನಗೆ ಗೊತ್ತಿತ್ತು. ಅವರನ್ನು ಕೊಟ್ಟದ್ದು ಈ ಊರಿಗೆ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಅವರೂ ಅತ್ತೆಯೂ ಒಂದೇ ವರ್ಷದ ಮದುಮಕ್ಕಳಂತೆ, ಚಳಿಗಾಲದಲ್ಲಿ ಕಾಲುವೆ ಹೆಪ್ಪುಗಟ್ಟಿದಾಗ ಇಬ್ಬರೂ ಜೊತೆಯಾಗಿ ನದಿಗೆ ಇಳಿಯುತ್ತಿದ್ದರಂತೆ. ಆ ದಿನ ಅತ್ತೆಗೆ ಜ್ವರ, ಜೈನಬ್ ಒಬ್ಬರೇ ಇಳಿದರಂತೆ. ದಡದ ಮಂಜುಗಡ್ಡೆ ಗಟ್ಟಿಯಾಗಿ ಕಾಣುತ್ತಿತ್ತಂತೆ. ಕೊಡ ಮಾತ್ರ ಮೇಲೆ ಉಳಿದಿತ್ತಂತೆ.

ಅವರ ದಿಬ್ಬಣದಲ್ಲಿ ಬಂದ ಪುಟ್ಟ ತಮ್ಮ ಬಟ್ಟಲ ಮೇಲೆ ಬಟ್ಟಲು ಪ್ರಾಪು ತಿಂದು, ಮದುಮಗಳ ತೊಡೆಯ ಮೇಲೇ ನಿದ್ದೆ ಹೋಗಿದ್ದ ಎಂದು ಅತ್ತೆ ಹೇಳಿದರು. ಬೆಳಿಗ್ಗೆ ಅವನನ್ನು ಅಕ್ಕನಿಂದ ಬಿಡಿಸಿ ಕರೆದೊಯ್ಯುವುದೇ ಕಷ್ಟವಾಯಿತಂತೆ.

ಅತಾ, ನಾನು ಇನ್ನು ಹಿಮದ ಮಾತೆತ್ತುವುದಿಲ್ಲ. ಅಪೋ ಹಸನ್‌ಗೆ ನಾನೇ ಏನಾದರೂ ಹೇಳಿಕೊಳ್ಳುತ್ತೇನೆ. ಇಷ್ಟೆಲ್ಲ ಒಳಗಿಟ್ಟುಕೊಂಡು ಆ ದಿನ ತಲೆಯಾಡಿಸಿದಿರಲ್ಲ, ಅದು ಎಂಥದ್ದೆಂದು ನನಗೆ ಈಗ ಗೊತ್ತಾಯಿತು. ಏನು ಬರೆಯಬೇಕೋ ತಿಳಿಯುತ್ತಿಲ್ಲ. ನನಗೆ ಹೀಗಾಗಿದ್ದು ಇದೇ ಮೊದಲು.

ಸಮಾಧಿಯ ಸುತ್ತ ಅತ್ತೆ ಪ್ರತಿ ವರ್ಷ ಬಿಳಿ ಕಲ್ಲು ಜೋಡಿಸುತ್ತಾರೆ. ನಿನ್ನೆ ನಾನೂ ಒಂದು ಇಟ್ಟು ಬಂದೆ.

ನಿಮ್ಮ ಮಗಳು,
ಮರ್ಜಿಯಾ


ಛುಮಿಕ್
೩೦ ಆಗಸ್ಟ್ ೧೯೯೬

ಮರ್ಜಿಯಾಗೆ,

ಸಲಾಂ. ನಿನ್ನ ಮೂರು ಪತ್ರಗಳೂ ತಲುಪಿವೆ. ಎರಡನ್ನು ನಿನ್ನ ಅಮ್ಮನಿಗೆ ಒಂದು ಸಾಲೂ ಬಿಡದೆ ಓದಿದೆ. ಮೂರನೆಯದನ್ನು ಓದಲಾಗಲಿಲ್ಲ.

ಕಂದು ಹಸು ಕರು ಹಾಕಿದೆ. ಬಾರ್ಲಿ ಕೊಯ್ಲು ಮುಗಿದಿದೆ. ನಿನ್ನ ಅಮ್ಮ ಮಂಡಿನೋವು ಎನ್ನುತ್ತಾಳೆ, ಆದರೆ ಪಕ್ಕದ ಮನೆಗೆ ಓಡುವಾಗ ಅದು ಕಾಣುವುದಿಲ್ಲ.

ಹಿಮದ ವಿಚಾರ. ನೀನು ಕೇಳಿದ್ದು ಸಣ್ಣದಲ್ಲ. ಚಿಕ್ಕವಳಿದ್ದಾಗ ನಮ್ಮ ಹೆಣ್ಣು ಹಿಮದ ಅಂಚಿಗೆ ಒರಗಿದ್ದ ಬಂಡೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೆಯಲ್ಲ, ಆ ಬಂಡೆ ಈಗ ಬಯಲಲ್ಲಿ ಒಂಟಿಯಾಗಿ ನಿಂತಿದೆ. ಅದರ ಬುಡದಲ್ಲಿ ಈ ವರ್ಷ ಹುಲ್ಲು ಬಂದಿದೆ. ಅವಳೂ ಹಿಂದಕ್ಕೆ ಸರಿಯುತ್ತಿದ್ದಾಳೆ. ನಮ್ಮ ಊರಿನಲ್ಲಿ ಇದನ್ನು ಎಲ್ಲರೂ ನೋಡಿದ್ದಾರೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವಳ ಮೈಯಿಂದ ತುಂಡು ಕೊಡಲು ಹಿರಿಯರು ಹೆದರುತ್ತಾರೆ. ನಾನೂ ಹೆದರುತ್ತೇನೆ.

ಮಾತು ಕೊಟ್ಟಿಲ್ಲ, ಇಲ್ಲವೆಂದೂ ಹೇಳಿಲ್ಲ. ಅದಕ್ಕೆ ಮುಂಚೆ ನನಗೆ ಒಂದು ತಿಳಿಯಬೇಕು. ಆ ಮನೆಯಲ್ಲಿ ನದಿಗೆ ನೀರಿಗೆ ಯಾರು ಹೋಗುತ್ತಾರೆ?

ಶುಕೂರ್ ಅಲಿ


ಬ್ರಾಗ್‌ಥಾಂಗ್
೮ ಸೆಪ್ಟೆಂಬರ್ ೧೯೯೬

ನನ್ನ ಅತಾ,

ಸಲಾಂ, ಸಲಾಂ, ಸಾವಿರ ಸಲಾಂ. ಡ್ರೈವರ್ ಪತ್ರ ಕೊಟ್ಟಾಗ ನಾನು ಅವನ ಎದುರೇ ಕುಣಿದೆ. ಪಾಪ, ಅವನು ಹಿಂದೆ ಹೆಜ್ಜೆಯಿಟ್ಟು ಜೀಪಿಗೆ ತಲೆ ಬಡಿಸಿಕೊಂಡ.

ನೀವು ಕೇಳಿದ್ದು ಒಂದೇ ಪ್ರಶ್ನೆ. ಉತ್ತರ: ಕಾಜಿಮ್.

ನಾನು ಒಂದು ದಿನವೂ ಹೋಗಿಲ್ಲ ಅತಾ. ಹೋಗುತ್ತೇನೆಂದರೂ ಅತ್ತೆ ಬಿಡುವುದಿಲ್ಲ. ನಿಮ್ಮ ಅಕ್ಕ ಹೋದ ಮೇಲೆ ಅವರು ತೀರ್ಮಾನ ಮಾಡಿದ್ದರಂತೆ, ತನ್ನ ಮನೆಗೆ ಬರುವ ಸೊಸೆ ನದಿಗೆ ಇಳಿಯಕೂಡದು ಎಂದು. ಆಗ ಅವರಿಗೆ ಮಗನೇ ಹುಟ್ಟಿರಲಿಲ್ಲ. ಹುಟ್ಟಿದ ಮೇಲೆ, ನಡೆಯಲು ಕಲಿತ ಹುಡುಗನ ಕೈಗೆ ಸಣ್ಣ ಕೊಡ ಕೊಟ್ಟರು. ಇಲ್ಲಿ ಗಂಡಸರು ನೀರು ಹೊರುವುದಿಲ್ಲ, ನಿಮಗೆ ಗೊತ್ತು. ಕಾಜಿಮ್ ಕತ್ತೆಯ ಎರಡು ಬದಿಗೂ ಡಬ್ಬ ಕಟ್ಟಿ, ಶಾಲೆಗೆ ಮುಂಚೆ ಒಂದು ಸಲ, ಶಾಲೆ ಬಿಟ್ಟ ಮೇಲೆ ಒಂದು ಸಲ ಇಳಿಯುತ್ತಾರೆ. ನಾನು ಬಂದ ಮೇಲೆ ಗಂಡಸರ ಚುಡಾಯಿಸುವಿಕೆ ಜಾಸ್ತಿಯಾಗಿದೆ. ಮೊನ್ನೆ ಮಸೀದಿಯ ಕಟ್ಟೆಯಿಂದ ಒಬ್ಬರು, "ಮೇಷ್ಟ್ರೇ, ನಿಮ್ಮಿಬ್ಬರಲ್ಲಿ ಮೇಷ್ಟ್ರು ಯಾರು, ಕತ್ತೆ ಯಾರು ಅಂತ ದೂರದಿಂದ ಗೊತ್ತಾಗಲ್ಲ," ಎಂದರು. ಕಾಜಿಮ್ ನಿಂತು, "ಹತ್ತಿರ ಬನ್ನಿ ಚಾಚಾ, ಒದೆಯೋದು ಕತ್ತೆ," ಎಂದು ಮುಂದೆ ನಡೆದರಂತೆ. ಇದನ್ನು ಅವರು ಮನೆಗೆ ಬಂದು ಹೇಳಲಿಲ್ಲ, ಚಾಚಾನ ಹೆಂಡತಿಯೇ ಬಂದು ಹೇಳಿ ನಕ್ಕು ಹೋದಳು.

ಆದರೆ ಎಲ್ಲ ಮನೆಯಲ್ಲೂ ಕಾಜಿಮ್ ಇಲ್ಲ. ಚಳಿಗಾಲದಲ್ಲಿ ಇಲ್ಲಿಯ ಹೆಂಗಸರು ಹೊರಟಾಗ ಅತ್ತೆ ಮಾಳಿಗೆ ಹತ್ತಿ, ಕೊನೆಯವಳು ವಾಪಸು ಮೇಲೆ ಬರುವವರೆಗೂ ನಿಂತಿರುತ್ತಾರಂತೆ. ಇಷ್ಟನ್ನು ಕೇಳಿದ್ದಕ್ಕೆ ಬರೆದೆ. ಮತ್ತೇನೂ ಬೇಡುವುದಿಲ್ಲ.

ನೀವು ಕೇಳಿದಿರಿ, ಅದೇ ನನಗೆ ಈ ವರ್ಷದ ಈದ್.

ನಿಮ್ಮ,
ಮರ್ಜಿಯಾ


ಛುಮಿಕ್
೧೧ ಅಕ್ಟೋಬರ್ ೧೯೯೬

ಮರ್ಜಿಯಾಗೆ,

ಸಲಾಂ. ನಿನ್ನ ಪತ್ರವನ್ನು ಹಿರಿಯರ ಮುಂದೆ ಓದಿದೆ. ಕತ್ತೆಯ ಮಾತು ಓದುವಾಗ ಅವರು ನಕ್ಕರು. ನಿನ್ನ ಅತ್ತೆ ಮಾಳಿಗೆಯ ಮೇಲೆ ನಿಲ್ಲುವುದನ್ನು ಓದಿದಾಗ ಒಬ್ಬರು ಇನ್ನೊಮ್ಮೆ ಓದು ಎಂದರು. ನಾನು ಹೇಳಿದ್ದು ಇಷ್ಟೇ: ನಮ್ಮಲ್ಲೇ ಇಟ್ಟುಕೊಂಡರೂ ಅವಳು ಸೊರಗುತ್ತಿದ್ದಾಳೆ, ಇನ್ನೊಂದು ಕಡೆ ಅವಳ ಸಂತಾನ ಉಳಿಯಲಿ. ಒಪ್ಪಿದರು.

ಈ ತಿಂಗಳ ಕೊನೆಯ ವಾರ ಹೊರಡುತ್ತೇವೆ. ಅಪೋ ಹಸನ್‌ಗೆ ತಿಳಿಸು, ಗಂಡು ಹಿಮ ಸಿದ್ಧವಿರಲಿ.

ಕಟ್ಟಳೆ ನಿನಗೂ ಗೊತ್ತಿರಲಿ. ಹಿಮ ಬುಟ್ಟಿಗೆ ಬಿದ್ದ ಮೇಲೆ ಗುಂಡಿ ಸೇರುವವರೆಗೂ ನೆಲ ಮುಟ್ಟಬಾರದು, ಬೆನ್ನಿನಿಂದ ಬೆನ್ನಿಗೇ ಹೋಗಬೇಕು. ಹೊತ್ತವರು ಮಾತಾಡಬಾರದು. ಮಾತಾಡಿದರೆ ಆ ಹಿಮ ಕೆಟ್ಟಿತು, ತಿರುಗಿ ಹೋಗಿ ಹೊಸದು ತರಬೇಕು. ದಾರಿ ನಿಮ್ಮ ಮನೆಯ ಕೆಳಗೇ ಹಾಯುತ್ತದೆ. ನೀನು ಕೂಗಬೇಡ. ಹುಟ್ಟಿದಾಗಿನಿಂದ ನಿನ್ನ ಬಾಯಿ ಮುಚ್ಚಿದ್ದನ್ನು ನಾನು ಕಂಡಿಲ್ಲ. ಬಟ್ಟೆ ಕಟ್ಟಿಕೋ.

ಶುಕೂರ್ ಅಲಿ


ಬ್ರಾಗ್‌ಥಾಂಗ್
೨೭ ಅಕ್ಟೋಬರ್ ೧೯೯೬

ಅತಾ,

ನೀವು ಹಿಂದಿರುಗಿ ಹೊರಟು ಇನ್ನೂ ಒಂದು ದಿನವಾಗಿಲ್ಲ. ನೀವು ಛುಮಿಕ್ ಮುಟ್ಟುವ ಹೊತ್ತಿಗೆ ಡ್ರೈವರ್ ಇದನ್ನು ತಲುಪಿಸುತ್ತಾನೆ. ನೀವು ದಾರಿ ನೋಡುತ್ತಾ ತಲೆ ತಗ್ಗಿಸಿ ನಡೆಯುತ್ತಿದ್ದಿರಿ. ನಿಮಗೆ ಕಾಣದ್ದನ್ನು ನಾನು ಹೇಳಬೇಡವೇ?

ಊರಿಗೆ ಊರೇ ಮಾಳಿಗೆಗಳ ಮೇಲೆ ನಿಂತಿತ್ತು. ಕೈಗೂಸುಗಳಿಗೆಲ್ಲ ಹಾಲು ಕುಡಿಸಿಟ್ಟಿದ್ದರು, ಅಳಬಾರದೆಂದು. ಕಾಜಿಮ್ ಕತ್ತೆಯ ಬಾಯಿಗೆ ಹುಲ್ಲು ತುರುಕುತ್ತಲೇ ಇದ್ದರು. ಅತ್ತೆ ನನ್ನ ಬಾಯಿಗೆ ಒಣ ಜರ್ದಾಳು ತುರುಕಿದರು, ಎರಡು ಕೆನ್ನೆಯೂ ಉಬ್ಬುವಷ್ಟು. ತಿರುವಿನಲ್ಲಿ ಛುಮಿಕ್‌ನವರು ಕಾಣಿಸಿಕೊಂಡರು. ಹೊರಲು ಗಟ್ಟಿಮುಟ್ಟಾದವರು ಅಷ್ಟು ಜನರಿದ್ದರೂ ಬುಟ್ಟಿ ಇದ್ದದ್ದು ನಿಮ್ಮ ಬೆನ್ನ ಮೇಲೆ. ಹುಲ್ಲಿನ ಸಂದಿಯಿಂದ ನೀರು ತೊಟ್ಟಿಕ್ಕಿ ನಿಮ್ಮ ಕೋಟೆಲ್ಲ ತೊಯ್ದಿತ್ತು.

ನಾನು ಕೂಗಲಿಲ್ಲ. ಇದನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿ: ಮರ್ಜಿಯಾ ಕೂಗಲಿಲ್ಲ. ಆದರೆ ಮಾಳಿಗೆಯ ಮೇಲೆ ನಿಲ್ಲಲೂ ಆಗಲಿಲ್ಲ. ಇಳಿದು ಬಂದು ಒಣ ಕಾಲುವೆಯ ಗೋಡೆಯ ಮೇಲೆ, ನಿಮ್ಮ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ನಡೆದೆ. ನಿಮ್ಮನ್ನು ನೋಡುತ್ತಿದ್ದೆ, ಕಲ್ಲನ್ನು ನೋಡಲಿಲ್ಲ. ಕಲ್ಲು ಕದಲಿತು.

"ಮರ್ಜಿಯಾ, ಕಾಲು."

ನಾನು ಬೀಳಲಿಲ್ಲ. ಸರಿಯಾಗಿ ನಿಂತೆ. ನಿಂತು ನೋಡಿದರೆ ಇಡೀ ದಾರಿಯೇ ನಿಂತುಬಿಟ್ಟಿತ್ತು. ನಿಮ್ಮ ಊರಿನವರು ನಿಂತಲ್ಲೇ ಕುಸಿದು ಕೂತರು. ಅಪೋ ಹಸನ್ ಕಣ್ಣು ಮುಚ್ಚಿಕೊಂಡು, "ದಾರಿಯುದ್ದಕ್ಕೂ ಬಾಯಿ ಹೊಲ್ಕೊಂಡು ಬಂದೋನು ಮಗಳ ಮನೆ ಬಾಗ್ಲಲ್ಲಿ ಬಿಚ್ಚಿದ್ಯಲ್ಲೋ ಶುಕೂರ," ಎಂದರು.

"ಕಾಲು ಜಾರ್ತಿತ್ತು," ಎಂದಿರಿ ನೀವು.

"ಜಾರಿದ್ರೆ ಏನಾಯ್ತು, ಎಳೇ ಹುಡುಗಿ, ಎದ್ದು ಮೈ ಕೊಡವ್ಕೋತಿದ್ಲು."

"ಬೇಡ ಅಪೋ. ಈ ಊರಲ್ಲಿ ನಮ್ಮನೆ ಹೆಣ್ಣು ಇನ್ನೊಬ್ಬಳು ಜಾರೋದು ಬೇಡ."

ಆಗ ನಿಮ್ಮ ಹಿಂದೆ ಏನಾಯಿತೆಂದು ನಿಮಗೆ ಕಾಣಲಿಲ್ಲ. ಮಾಳಿಗೆಯ ಮೇಲೆ ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಪೋ ಹಸನ್ ಮತ್ತೆ ಬೈಯಲಿಲ್ಲ. ತಾವೇ ಬಂದು ನಿಮ್ಮ ಬೆನ್ನಿನ ಬುಟ್ಟಿ ಬಿಚ್ಚಿ, ಕೆಟ್ಟ ಹಿಮವನ್ನು ಒಣ ಕಾಲುವೆಯಲ್ಲಿ ಇಳಿಸಿದರು. ನೀವು ಆಗ ಅತ್ತೆ ತಂದ ನೀರನ್ನು ಒಂದೇ ಉಸಿರಿಗೆ ಕುಡಿದು ಬಟ್ಟಲು ಕೊಟ್ಟಿರಿ. ಕೂರಿ ಎಂದರೂ ಕೂರದೆ, ಹೊಸದು ತರುತ್ತೇನೆಂದು ಅದೇ ಕಾಲಲ್ಲಿ ತಿರುಗಿದಿರಿ. ಮದುವೆಯ ದಿನ ಈ ಮನೆಯಲ್ಲಿ ಚಹಾ ಕೂಡ ಮುಟ್ಟದವರು. ಅತಾ, ಅದು ಕಾಜಿಮ್ ಹೊತ್ತು ತಂದ ನೀರು.

ನೀವು ಹೋದ ಮೇಲೆ ಬಿಸಿಲು ಬಂತು. ಕಾಲುವೆಯಲ್ಲಿ ನಿಮ್ಮ ಹಿಮ ಕರಗಿ, ದಾರದಷ್ಟು ನೀರು ಹರಿದು, ಅತ್ತೆಯ ಪುದೀನ ಮಡಿಯವರೆಗೆ ಮುಟ್ಟಿತು. ಜೂನ್ ಆದಮೇಲೆ ಆ ಕಾಲುವೆಯಲ್ಲಿ ಹರಿದ ಮೊದಲ ನೀರು. ಕೆಟ್ಟದ್ದು ಎಂದು ಯಾರೂ ಅನ್ನಲಿಲ್ಲ, ಎಲ್ಲರೂ ಬಂದು ಕೈ ತೋಯಿಸಿಕೊಂಡು ಹೋದರು.

ಎಲ್ಲರೂ ಅಯ್ಯೋ ಎನ್ನುತ್ತಿದ್ದಾರೆ, ನಿಮಗೆ ಮತ್ತೆ ಅಷ್ಟು ದೂರದ ನಡಿಗೆ ಎಂದು. ನನಗೂ ಅಯ್ಯೋ ಎನ್ನಿಸಬೇಕು. ಆದರೆ ಮಾರ್ಚಿನಿಂದ ನೀವು ನನ್ನ ಜೊತೆ ಆಡಿದ ಮೊದಲ ಮಾತು ಅದು. ಆ ಎರಡು ಪದಗಳಿಗೆ ಒಂದು ಬುಟ್ಟಿ ಹಿಮ ಸುರಿದಿರಿ. ನಿಮ್ಮಂಥ ದುಂದುಗಾರ ಅಪ್ಪ ಯಾರಿಗಿದ್ದಾರೆ?

ಮುಂದಿನ ಸಲ ನಾನು ಒಳಗೆ ಕೂತಿರುತ್ತೇನೆ, ಬಾಗಿಲು ಹಾಕಿಕೊಂಡು. ಅತ್ತೆ ಬೀಗ ಹಾಕುತ್ತಾರಂತೆ.

ನಿಮ್ಮ,
ಮರ್ಜಿಯಾ


ಛುಮಿಕ್
೧೯ ನವೆಂಬರ್ ೧೯೯೬

ಮಗಳೇ ಮರ್ಜಿಯಾ,

ಸಲಾಂ. ಸುರಕ್ಷಿತವಾಗಿ ಬಂದು ಸೇರಿದೆವು. ಕಣಿವೆಯ ಮೇಲ್ಭಾಗದಲ್ಲಿ ಆಗಲೇ ಹಿಮ ಬೀಳುತ್ತಿದೆ.

ಮೇಲೆ ಗುಂಡಿಯ ಹತ್ತಿರ ನಡೆದದ್ದನ್ನು ನೀನು ಕಂಡಿಲ್ಲ. ಕಾಜಿಮ್‌ನನ್ನು ಕೇಳಿದರೆ ಅವನು ಭೂಗೋಳ ಹೇಳಿಯಾನು. ಅದಕ್ಕೇ ನಾನು ಬರೆಯುತ್ತಿದ್ದೇನೆ. ಜಾಗ ಒಳ್ಳೆಯದು. ಉತ್ತರಕ್ಕೆ ಮುಖ, ಮೇಲೆ ಬಂಡೆಯ ನೆರಳು, ಕಲ್ಲುಗಳ ಸಂದಿಯಿಂದ ಬೇಸಿಗೆಯಲ್ಲೂ ತಣ್ಣನೆಯ ಗಾಳಿ ಬರುತ್ತದಂತೆ. ನಿಮ್ಮ ಗಂಡು ಹಿಮವನ್ನು ಮೊದಲು ಇಳಿಸಿದರು. ಕರಿಯ, ಒರಟ, ಮೈಯೆಲ್ಲ ಕಲ್ಲು. ಆಮೇಲೆ ನಮ್ಮವಳನ್ನು ಪಕ್ಕದಲ್ಲಿ ಇಟ್ಟೆವು. ಎರಡು ಊರಿನ ನೀರು ತುಂಬಿದ ಸೋರೆ ಬುರುಡೆಗಳನ್ನು ನಡುವೆ ಇಟ್ಟು, ಇದ್ದಿಲು, ಬಾರ್ಲಿ ಹೊಟ್ಟು, ಮರದ ಪುಡಿ ಹಾಕಿ, ಮೇಲೆ ಕಲ್ಲು ಮುಚ್ಚಿದೆವು. ಎರಡನೇ ಸಲವೂ ಬುಟ್ಟಿ ನಾನೇ ಹೊತ್ತೆ. ಹುಡುಗರು ಕೇಳಿದರು, ಕೊಡಲಿಲ್ಲ. ನಿಮ್ಮ ಮನೆಯ ಮುಂದೆ ಬಂದಾಗ ಒಳಗಿನಿಂದ ಬಾಗಿಲು ಕೆರೆಯುವ ಸದ್ದು ಕೇಳಿಸಿತು. ಬೆಕ್ಕು ಎಂದುಕೊಂಡು ಮುಂದೆ ಹೋದೆ.

ಗುಂಡಿ ಮುಚ್ಚಿದ ಮೇಲೆ ಅಪೋ ಹಸನ್ ನನಗೆ, "ಇನ್ನು ಬಾಯಿ ಬಿಡಬಹುದು ಕಣೋ, ಹೆಣ್ಣಿನ ಕಡೆಯೋನು ನೀನು, ಅವಳಿಗೆ ಏನಾದ್ರೂ ಹೇಳು," ಎಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನಗೆ ಮಾತು ಬರುವುದಿಲ್ಲ, ನಿನಗೆ ಗೊತ್ತು. ಅಕ್ಕನನ್ನು ಬಿಟ್ಟು ಬಂದಾಗ ನಾನು ಅಳುತ್ತಿದ್ದೆನೇ ಹೊರತು ಏನೂ ಹೇಳಿರಲಿಲ್ಲ. ನಿನ್ನನ್ನು ಬಿಟ್ಟು ಬಂದಾಗ ಅದನ್ನೂ ಮಾಡಲಿಲ್ಲ. ಕಲ್ಲಿನ ಮೇಲೆ ಕೈಯಿಟ್ಟು, "ಇದು ನಿನ್ನ ಮನೆ. ಇಲ್ಲಿ ಚೆನ್ನಾಗಿರು," ಎಂದೆ.

ಆ ಮಾತು ಮಾರ್ಚಿನಲ್ಲಿ ನಿನಗೆ ಸೇರಬೇಕಾಗಿತ್ತು. ಹಿಮಕ್ಕೆ ಹೇಳಿದ್ದನ್ನು ನಿನಗೂ ಬರೆದಿದ್ದೇನೆ.

ಇಳಿಯುವಾಗ ಪಾಪ್ಲರ್ ಮರಗಳ ಹತ್ತಿರ ಸ್ವಲ್ಪ ಹೊತ್ತು ಕೂತೆ. ಬಿಳಿ ಕಲ್ಲುಗಳನ್ನು ನೋಡಿದೆ. ನಿನ್ನ ಅತ್ತೆಗೆ ನಾನು ಋಣಿ ಎಂದು ಹೇಳು. ನಾನು ಎದುರಿಗೆ ಹೇಳಲಿಲ್ಲ. ಅವಳು ಪ್ರಾಪು ಬಡಿಸುವಾಗ ನಕ್ಕು, "ಈ ಸಲ ತಿಂದು ನನ್ನ ಸೊಸೆ ತೊಡೆ ಮೇಲೆ ನಿದ್ದೆ ಹೋಗ್ಬೇಡ ಶುಕೂರ," ಎಂದಳಲ್ಲ, ಆಗ ಬಟ್ಟಲನ್ನು ಮತ್ತೆ ಮುಂದೆ ಚಾಚಿದೆನಷ್ಟೇ. ಎಷ್ಟು ಬಟ್ಟಲು ತಿಂದೆನೆಂದು ನಿನ್ನ ಅಮ್ಮನಿಗೆ ಬರೆಯಬೇಡ. ಮನೆಯ ಪ್ರಾಪು ಸಪ್ಪೆಯೇ ಎಂದು ಶುರು ಮಾಡುತ್ತಾಳೆ.

ಹಿಮ ಬೆಳೆದು ಒರತೆ ಒಡೆಯಲು ವರ್ಷಗಳು ಹಿಡಿಯುತ್ತವೆ. ಒಡೆಯದೆಯೂ ಇರಬಹುದು. ಅಲ್ಲಿಯವರೆಗೆ ನೀರಿಗೆ ಕಾಜಿಮನೇ ಹೋಗಲಿ.

ನಿನ್ನ ಅತಾ